ಭಾರಿ ವಾಹನ ಚಾಲನಾ ಆಟಗಳು: ಹೊಸ ವಾಹನಗಳ ಊಹಾಪೋಹ ಮತ್ತು ಕೊಡಗಿನ ಘಟ್ಟರಸ್ತೆ

ಲಾರಿ, ಬಸ್ಸು, ಟಿಪ್ಪರ್, ಟ್ರೇಲರ್, ಮಣ್ಣು ತೆಗೆಯುವ ಯಂತ್ರ ಮುಂತಾದ ಭಾರಿ ವಾಹನಗಳನ್ನು ನಡೆಸುವ ಅನುಭವವನ್ನು ಕಂಪ್ಯೂಟರ್ ಅಥವಾ ಮೊಬೈಲ್ ಪರದೆಯ ಮೇಲೆ ಕೊಡುವ ಆಟಗಳು ಭಾರಿ ವಾಹನ ಚಾಲನಾ ಆಟಗಳು. ಆಡುವವರ ಬಾಯಲ್ಲಿ ಇವು ಸಿಮ್ಯುಲೇಟರ್‌ಗಳು. ರೇಸ್ ಆಟಗಳಲ್ಲಿ ವೇಗವೇ ಗುರಿ. ಇಲ್ಲಿ ಸರಕನ್ನೋ ಪ್ರಯಾಣಿಕರನ್ನೋ ಕೆಡದಂತೆ ಊರು ಮುಟ್ಟಿಸುವುದು ಗುರಿ. ಗೇರು, ಬ್ರೇಕು, ತೂಕ, ತಿರುವು, ಡೀಸೆಲ್, ವಿಶ್ರಾಂತಿಯ ಹೊತ್ತು, ಇವುಗಳನ್ನು ಸಂಭಾಳಿಸುವುದೇ ಆಟ. ಒಮ್ಮೆ ಬಿಡುಗಡೆಯಾದ ಆಟ ಅಲ್ಲಿಗೇ ನಿಲ್ಲುವುದಿಲ್ಲ. ಹತ್ತಾರು ವರ್ಷ ಹೊಸ ರಸ್ತೆ, ಹೊಸ ಗಾಡಿ ಸೇರುತ್ತಲೇ ಹೋಗುತ್ತವೆ. ಹೀಗಾಗಿ ‘ಮುಂದೆ ಯಾವ ಗಾಡಿ ಬರುತ್ತದೆ’ ಎಂಬ ಊಹಾಪೋಹ ಅಭಿಮಾನಿಗಳ ನಡುವೆ ಆಟದಷ್ಟೇ ದೊಡ್ಡ ಹವ್ಯಾಸವಾಗಿ ಬೆಳೆದಿದೆ.

ಈ ಲೇಖನ ಆ ಹವ್ಯಾಸವನ್ನು ಕೊಡಗಿನ ಕಡೆಯಿಂದ ನೋಡುತ್ತದೆ. ರೈಲು ಮಾರ್ಗವಿಲ್ಲದ, ಎಲ್ಲ ಸರಕೂ ರಸ್ತೆಯಲ್ಲೇ ಏರಿ ಇಳಿಯಬೇಕಾದ, ಮಳೆಗಾಲದಲ್ಲಿ ಯಾವ ತೂಕದ ಗಾಡಿ ಓಡಬೇಕು ಎಂಬುದನ್ನು ಸರ್ಕಾರಿ ಆದೇಶವೇ ತೀರ್ಮಾನಿಸುವ ಜಿಲ್ಲೆ ಇದು. ಆಟಕ್ಕೆ ಸೇರುವ ಹೊಸ ವಾಹನದ ಬೆಲೆ ಅದರ ಹೊರಮೈಗಿಂತ ಅದು ಓಡುವ ರಸ್ತೆಯಿಂದ ನಿರ್ಧಾರವಾಗುತ್ತದೆ ಎಂಬ ಮಾತಿಗೆ ಕೊಡಗಿನ ಘಟ್ಟಗಳಷ್ಟು ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ವ್ಯಾಪ್ತಿ

ಭಾರತದ ಮೋಟಾರು ವಾಹನ ಕಾಯಿದೆ, 1988ರ ಪ್ರಕಾರ ಒಟ್ಟು ತೂಕ 12,000 ಕೆ.ಜಿ. ಮೀರಿದ ಸರಕು ಅಥವಾ ಪ್ರಯಾಣಿಕ ವಾಹನ ಭಾರಿ ವಾಹನ. 7,500 ಕೆ.ಜಿ.ವರೆಗಿನದು ಲಘು, ನಡುವಿನದು ಮಧ್ಯಮ. ಲಾರಿ ಸ್ಟ್ಯಾಂಡಿನಲ್ಲಿ ಈ ಲೆಕ್ಕ ಚಕ್ರಗಳಲ್ಲಿ ನಡೆಯುತ್ತದೆ: ಸಿಕ್ಸ್ ವೀಲರ್, ಟೆನ್ ವೀಲರ್, ಟ್ವೆಲ್ವ್ ವೀಲರ್. ಅಶೋಕ್ ಲೇಲ್ಯಾಂಡ್‌ನ ಒಂದು ಮಾದರಿಯ ಹೆಸರಾದ ‘ಟಾರಸ್’ ಕರಾವಳಿ, ಕೊಡಗು, ಕೇರಳದ ಕಡೆ ಹತ್ತು ಚಕ್ರದ ಯಾವುದೇ ಲಾರಿಗೂ ಅಂಟಿಕೊಂಡಿದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿತು. ಎರಡು ಅಚ್ಚಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೂ ಮೂರು ಅಚ್ಚಿನದು 25ರಿಂದ 28.5 ಟನ್ನಿಗೂ ಏರಿತು. ಈ ಅಂಕಿಗಳು ಮುಂದೆ ಕೊಡಗಿನ ಮಳೆಗಾಲದ ಆದೇಶಗಳಲ್ಲಿ ಮತ್ತೆ ಕಾಣಿಸುತ್ತವೆ.

ಆಟಗಳಲ್ಲಿ ನಾಲ್ಕು ಬಗೆ ಮುಖ್ಯ. ದೂರದ ಹೆದ್ದಾರಿಯಲ್ಲಿ ಸರಕು ಸಾಗಿಸುವ ಲಾರಿ ಆಟಗಳು ಮೊದಲನೆಯವು, ಬಸ್ ಆಟಗಳು ಎರಡನೆಯವು. ಕೆಸರು, ಹಿಮ, ಕಚ್ಚಾ ದಾರಿಗಳಲ್ಲಿ ಗಾಡಿ ಎಳೆಯುವಂಥವು ಮೂರನೆಯವು. ಹೊಲ ಮತ್ತು ಕಾಡಿನ ಕೆಲಸದ ಯಂತ್ರಗಳ ಆಟಗಳು ನಾಲ್ಕನೆಯವು. ಕೊಡಗಿನ ಬದುಕಿನಲ್ಲಿ ಈ ನಾಲ್ಕಕ್ಕೂ ಸರಿಜೋಡಿ ಇದೆ: ಕುಶಾಲನಗರದಿಂದ ಹೊರಡುವ ಕಾಫಿ ಲಾರಿ, ಮಡಿಕೇರಿ ಡಿಪೋದ ಬಸ್ಸು, ತೋಟದೊಳಗಿನ ಜೀಪು ಮತ್ತು ಪಿಕಪ್, ಮರದ ದಿಮ್ಮಿ ಎತ್ತುವ ಯಂತ್ರ.

ಬೆಳವಣಿಗೆ

ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್. 2002ರ ‘18 ವೀಲ್ಸ್ ಆಫ್ ಸ್ಟೀಲ್’ ಸರಣಿಯಿಂದ ಲಾರಿ ಆಟಗಳಿಗೆ ಹೆಸರಾದ ಈ ಸಂಸ್ಥೆ 2008ರಲ್ಲಿ ‘ಯುರೋ ಟ್ರಕ್ ಸಿಮ್ಯುಲೇಟರ್’, 2012ರ ಅಕ್ಟೋಬರ್‌ನಲ್ಲಿ ಅದರ ಎರಡನೆಯ ಆವೃತ್ತಿ, 2016ರ ಫೆಬ್ರವರಿಯಲ್ಲಿ ‘ಅಮೆರಿಕನ್ ಟ್ರಕ್ ಸಿಮ್ಯುಲೇಟರ್’ ಹೊರತಂದಿತು. 2012ರ ಆಟ ಇಂದಿಗೂ ನವೀಕರಣ ಪಡೆಯುತ್ತಿದೆ. ಅಮೆರಿಕದ ಆಟ ಬಂದ ದಿನ ಅದರಲ್ಲಿ ಇದ್ದದ್ದು ಕೆನ್‌ವರ್ತ್ ಮತ್ತು ಪೀಟರ್‌ಬಿಲ್ಟ್ ಎಂಬ ಎರಡೇ ಕಂಪನಿಗಳ ಲಾರಿಗಳು. ಉಳಿದವು ಯಾವಾಗ, ಯಾವ ಕ್ರಮದಲ್ಲಿ ಎಂಬ ಲೆಕ್ಕಾಚಾರ ಆಗಲೇ ಶುರುವಾಯಿತು. ವೋಲ್ವೊ, ಮ್ಯಾಕ್, ಫ್ರೈಟ್‌ಲೈನರ್, ವೆಸ್ಟರ್ನ್ ಸ್ಟಾರ್ ಒಂದೊಂದಾಗಿ ಸೇರಲು ವರ್ಷಗಳೇ ಹಿಡಿದವು.

ಕೆಸರು ರಸ್ತೆಯ ಆಟಗಳ ಸಾಲಿನಲ್ಲಿ 2014ರ ‘ಸ್ಪಿನ್‌ಟೈರ್ಸ್’, 2017ರ ‘ಮಡ್‌ರನ್ನರ್’, 2020ರ ಏಪ್ರಿಲ್‌ನಲ್ಲಿ ಬಂದ ಸೇಬರ್ ಇಂಟರಾಕ್ಟಿವ್‌ನ ‘ಸ್ನೋರನ್ನರ್’ ಬರುತ್ತವೆ. ಅದೇ ಸಂಸ್ಥೆಯ ‘ರೋಡ್‌ಕ್ರಾಫ್ಟ್’ 2025ರ ಮೇ ತಿಂಗಳಲ್ಲಿ ಹೊರಬಂತು. ಪ್ರಕೃತಿ ವಿಕೋಪದಲ್ಲಿ ಕಿತ್ತುಹೋದ ರಸ್ತೆ, ಸೇತುವೆಗಳನ್ನು ಭಾರಿ ಯಂತ್ರಗಳಿಂದ ಮತ್ತೆ ಕಟ್ಟುವುದೇ ಇದರ ಕೆಲಸ. ಕೃಷಿಯ ಕಡೆ ಸ್ವಿಟ್ಜರ್ಲೆಂಡಿನ ಜಯಂಟ್ಸ್ ಸಾಫ್ಟ್‌ವೇರ್‌ನ ‘ಫಾರ್ಮಿಂಗ್ ಸಿಮ್ಯುಲೇಟರ್’ 2008ರಿಂದ ನಡೆದುಬಂದಿದೆ. 2024ರ ನವೆಂಬರ್‌ನ ಆವೃತ್ತಿಯಲ್ಲಿ ಏಷ್ಯಾದ ಭೂದೃಶ್ಯ, ಭತ್ತದ ನಾಟಿ, ಎಮ್ಮೆ ಸೇರಿದವು.

ಕರ್ನಾಟಕದಲ್ಲಿ ಸ್ಟಿಯರಿಂಗ್ ಚಕ್ರ, ಪೆಡಲು ಸಮೇತ ಕಂಪ್ಯೂಟರ್ ಇಟ್ಟುಕೊಂಡು ಆಡುವವರಿಗಿಂತ ಮೊಬೈಲಿನಲ್ಲಿ ಆಡುವವರೇ ಹೆಚ್ಚು. ಅವರಿಗೆ ಹತ್ತಿರವಾದದ್ದು ಇಂಡೊನೇಷ್ಯಾದ ಮಲಿಯೊ ಸಂಸ್ಥೆ 2017ರಲ್ಲಿ ತಂದ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’. ಆಡುವವರು ಇದನ್ನು ‘ಬಸಿಡ್’ ಎನ್ನುತ್ತಾರೆ. ಇಂಡೊನೇಷ್ಯಾದಲ್ಲೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ, ಸ್ಟಿಯರಿಂಗ್ ಬಲಕ್ಕಿರುತ್ತದೆ. ಎರಡೇ ಪಥದ ರಸ್ತೆ, ಅಂಚಿನಲ್ಲಿ ಅಂಗಡಿ ಸಾಲು, ನಡುವೆ ನುಗ್ಗುವ ಬೈಕು, ರಾಗವಾಗಿ ಬಾರಿಸುವ ಹಾರ್ನು ಎಲ್ಲವೂ ನಮ್ಮ ಕಡೆಯವರಿಗೆ ಪರಿಚಿತ. ಯುರೋಪಿನ ನುಣುಪಾದ ಹೆದ್ದಾರಿಗಿಂತ ಜಾವಾದ ರಸ್ತೆ ದಕ್ಷಿಣ ಭಾರತದ ಆಟಗಾರನಿಗೆ ಬೇಗ ಒಗ್ಗಿತು. ‘ಇಂಡಿಯನ್ ಟ್ರೇನ್ ಸಿಮ್ಯುಲೇಟರ್’ನಿಂದ ಹೆಸರಾದ ಚೆನ್ನೈನ ಹೈಬ್ರೊ ಇಂಟರಾಕ್ಟಿವ್ ಸಂಸ್ಥೆ ‘ಟ್ರಕ್ ಮಾಸ್ಟರ್ಸ್: ಇಂಡಿಯಾ’ ಎಂಬ ಲಾರಿ ಆಟವನ್ನೂ ತಂದಿದೆ.

ಹೊಸ ವಾಹನ ಆಟಕ್ಕೆ ಬರುವ ದಾರಿ

ನಿಜವಾದ ಕಂಪನಿಯ ವಾಹನವನ್ನು ಅದರದೇ ಹೆಸರು, ಲಾಂಛನ ಸಮೇತ ಆಟದಲ್ಲಿ ಇಡಲು ಆ ಕಂಪನಿಯ ಪರವಾನಗಿ ಬೇಕು. ಅದು ಸಿಗುವವರೆಗೆ ಕಲ್ಪಿತ ಹೆಸರಿನಿಂದ ಕೆಲಸ ಸಾಗಿಸುತ್ತಾರೆ. ಯುರೋ ಟ್ರಕ್ ಸಿಮ್ಯುಲೇಟರ್‌ನ ಎರಡನೆಯ ಆವೃತ್ತಿಯಲ್ಲಿ ಮರ್ಸಿಡಿಸ್ ಲಾರಿಯನ್ನು ಹೋಲುವ ಗಾಡಿಯ ಹೆಸರು ಬಹುಕಾಲ ‘ಮೆಜೆಸ್ಟಿಕ್’ ಎಂದಿತ್ತು. ಬೆಂಗಳೂರಿನ ಬಸ್ ನಿಲ್ದಾಣ ಬಲ್ಲ ಕನ್ನಡಿಗರಿಗೆ ಇದು ತಮಾಷೆಯ ಕಾಕತಾಳೀಯ. ಸ್ನೋರನ್ನರ್‌ನಲ್ಲಿ ಇಂಟರ್‌ನ್ಯಾಷನಲ್, ಫ್ರೈಟ್‌ಲೈನರ್, ಕ್ಯಾಟರ್‌ಪಿಲ್ಲರ್‌ನಂಥ ನಿಜವಾದ ಹೆಸರುಗಳ ಜೊತೆಗೆ ‘ಅಜೋವ್’ ಎಂಬ ಕಲ್ಪಿತ ಹೆಸರಿನ ರಷ್ಯನ್ ಶೈಲಿಯ ಲಾರಿಗಳೂ ಇವೆ.

ಪರವಾನಗಿ ಸಿಕ್ಕ ಮೇಲೆ ಅಳತೆಯ ಕೆಲಸ. ಕಂಪನಿಯ ನಕ್ಷೆಗಳು, ನೂರಾರು ಛಾಯಾಚಿತ್ರಗಳು, ಎಂಜಿನ್ನಿನ ಬೇರೆ ಬೇರೆ ವೇಗದಲ್ಲಿ ಹಿಡಿದ ಧ್ವನಿಮುದ್ರಣ, ಕ್ಯಾಬಿನ್ನಿನೊಳಗಿನ ಪ್ರತಿ ಗುಂಡಿಯ ವಿವರ ಬೇಕಾಗುತ್ತವೆ. ಹೊರಮೈ ಸುಲಭದ ಭಾಗ. ಗೇರುಗಳ ಅನುಪಾತ, ಎಂಜಿನ್ನಿನ ಎಳೆತದ ರೇಖೆ, ಸಸ್ಪೆನ್ಷನ್ನಿನ ಓಲಾಟ, ಖಾಲಿ ಮತ್ತು ತುಂಬಿದ ಗಾಡಿಯ ನಡುವಿನ ವ್ಯತ್ಯಾಸ ಹದಕ್ಕೆ ಬರಲು ತಿಂಗಳುಗಳು ಬೇಕು. ವಿದ್ಯುತ್ ಲಾರಿಗಳು ಬಂದ ಮೇಲೆ ಗೇರಿಲ್ಲದ ಎಳೆತ, ಇಳಿಜಾರಿನಲ್ಲಿ ಬ್ಯಾಟರಿಗೆ ಮರಳುವ ಶಕ್ತಿ, ಚಾರ್ಜಿಂಗ್ ನಿಲ್ದಾಣಗಳ ಅಂತರ ಇವನ್ನೂ ಲೆಕ್ಕಕ್ಕೆ ಸೇರಿಸಬೇಕಾಯಿತು.

ವಾಹನ ತಯಾರಕರಿಗೂ ಆಟ ಒಂದು ಪ್ರದರ್ಶನ ಮಳಿಗೆಯೇ. 2021ರ ಜೂನ್‌ನಲ್ಲಿ ನೆದರ್ಲೆಂಡಿನ ಡಿಎಎಫ್ ಕಂಪನಿ ಎಕ್ಸ್‌ಜಿ ಎಂಬ ಹೊಸ ಲಾರಿಯನ್ನು ಜಗತ್ತಿಗೆ ತೋರಿಸಿದ ದಿನವೇ ಅದು ಯುರೋ ಟ್ರಕ್ ಸಿಮ್ಯುಲೇಟರ್‌ನಲ್ಲಿ ಓಡಿಸಲು ಸಿಕ್ಕಿತು. ಷೋರೂಮಿನಲ್ಲಿ ಗಾಡಿ ಕಾಣುವ ಮೊದಲೇ ಆಟಗಾರರು ಅದರ ಸ್ಟಿಯರಿಂಗ್ ಹಿಡಿದಿದ್ದರು. ಈ ಘಟನೆ ಊಹಾಪೋಹದ ದಿಕ್ಕನ್ನು ಬದಲಿಸಿತು. ಆಟದ ಸುಳಿವುಗಳ ಜೊತೆಗೆ ಲಾರಿ ಕಂಪನಿಗಳ ಬಿಡುಗಡೆಯ ವೇಳಾಪಟ್ಟಿಯನ್ನೂ ಅಭಿಮಾನಿಗಳು ಕಣ್ಣಿಟ್ಟು ನೋಡತೊಡಗಿದರು.

ಊಹೆಯ ಮೂಲಗಳು

ಅಭಿಮಾನಿಗಳ ಅಂದಾಜು ಗಾಳಿಮಾತಿನಿಂದ ಮಾತ್ರ ಹುಟ್ಟುವುದಿಲ್ಲ. ತಯಾರಕರು ಬಿಡುವ ಟೀಸರ್ ಚಿತ್ರ ಮೊದಲ ಮೂಲ. ಸಾಮಾನ್ಯವಾಗಿ ಅದು ಕತ್ತಲಲ್ಲಿ ನಿಂತ ಗಾಡಿಯ ಅಂಚು ಮಾತ್ರ ಕಾಣುವ ಚಿತ್ರ. ಅನುಭವಿಗಳು ಅದರ ಬೆಳಕನ್ನು ಹೆಚ್ಚಿಸಿ, ಹೆಡ್‌ಲೈಟಿನ ಆಕಾರ, ಕ್ಯಾಬಿನ್ನಿನ ನೆತ್ತಿಯ ಮೇಲಿನ ದೀಪಗಳ ಸಂಖ್ಯೆ, ಕನ್ನಡಿ ಹಿಡಿದ ತೋಳಿನ ಬಾಗು, ಕನ್ನಡಿಯ ಜಾಗದಲ್ಲಿ ಕ್ಯಾಮೆರಾ ಇದೆಯೇ ಎಂಬುದನ್ನು ನೋಡುತ್ತಾರೆ. ಚಕ್ರದ ನಟ್ಟುಗಳನ್ನೂ ಎಣಿಸುತ್ತಾರೆ. ನಂತರ ತಮಗೆ ಗೊತ್ತಿರುವ ಗಾಡಿಗಳ ಚಿತ್ರದ ಮೇಲೆ ಇದನ್ನಿಟ್ಟು ತಾಳೆ ನೋಡುತ್ತಾರೆ. ಕೆಲವೇ ಸೆಕೆಂಡಿನ ಧ್ವನಿ ಸಿಕ್ಕರೂ ಸಾಕು, ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್ನೋ ಸ್ಕ್ಯಾನಿಯಾದ ವಿ-8 ಎಂಜಿನ್ನೋ ಎಂಬುದನ್ನು ಗುಡುಗಿನ ಲಯದಿಂದ ಹೇಳಬಲ್ಲವರಿದ್ದಾರೆ.

ಎರಡನೆಯ ಮೂಲ ಆಟದ ಕಡತಗಳು. ನವೀಕರಣ ಬಂದಾಗ ಇನ್ನೂ ಬಳಕೆಗೆ ಬಾರದ ವಾಹನದ ಹೆಸರು, ಬಿಡಿಭಾಗದ ಗುರುತು ಅದರಲ್ಲಿ ಉಳಿದಿರುವುದುಂಟು. ಆದರೆ ಕಡತದಲ್ಲಿ ಹೆಸರು ಸಿಕ್ಕಿತೆಂದರೆ ಗಾಡಿ ಬಂದೇ ಬರುತ್ತದೆ ಎನ್ನುವಂತಿಲ್ಲ. ಪ್ರಯೋಗಕ್ಕೆಂದು ಇಟ್ಟು ಕೈಬಿಟ್ಟದ್ದೂ ಆಗಿರಬಹುದು. ಮೂರನೆಯದು ಸಂಸ್ಥೆಯ ನಡೆ: ಯಾವ ದೇಶದ ನಕ್ಷೆ ಸಿದ್ಧವಾಗುತ್ತಿದೆ, ಯಾವ ಸರಕು ಸೇರುತ್ತಿದೆ ಎಂಬುದು. ಮರ ಕಡಿಯುವ ಸೀಮೆಯ ನಕ್ಷೆ ಬರುತ್ತಿದ್ದರೆ ದಿಮ್ಮಿ ಸಾಗಿಸುವ ಟ್ರೇಲರ್ ಬರುವ ಸಂಭವ ಹೆಚ್ಚು. ಮೂರರಲ್ಲಿ ಹೆಚ್ಚು ನೆಚ್ಚಬಹುದಾದ ಸುಳಿವು ಇದೇ. ರಸ್ತೆಗೂ ಸರಕಿಗೂ ತಕ್ಕಂತೆ ಗಾಡಿ ಬರುತ್ತದೆ. ಬರಿಯ ಆಸೆಗೆ ತಕ್ಕಂತೆ ಬರುವುದು ಅಪರೂಪ. ಏಪ್ರಿಲ್ 1ರಂದು ಬರುವ ಘೋಷಣೆಗಳನ್ನು ಮಾತ್ರ ಬಲ್ಲವರು ಯಾವ ಪಟ್ಟಿಗೂ ಸೇರಿಸುವುದಿಲ್ಲ.

ಇಂಥದೇ ಹವ್ಯಾಸ ಕರ್ನಾಟಕದ ನಿಜವಾದ ರಸ್ತೆಯಲ್ಲೂ ಇದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ಹೊಸ ಮಾದರಿಯ ಬಸ್ಸು ತರುತ್ತದೆ ಎಂದರೆ ಬಸ್ ಪ್ರಿಯರು ಚಾಸಿ ಯಾವುದು, ಬಾಡಿ ಕಟ್ಟಿದವರು ಯಾರು, ಬಣ್ಣ ಯಾವುದು, ಯಾವ ಡಿಪೋಗೆ ಎಷ್ಟು ಎಂದು ಅಂದಾಜು ಹಾಕುತ್ತಾರೆ. 2022ರ ಕೊನೆಯಲ್ಲಿ ನಿಗಮ ತನ್ನ ಹೊಸ ವೋಲ್ವೊ ಸ್ಲೀಪರ್ ಮತ್ತು ವಿದ್ಯುತ್ ಬಸ್ಸುಗಳಿಗೆ ಹೆಸರು ಸೂಚಿಸುವಂತೆ ಸಾರ್ವಜನಿಕರನ್ನೇ ಕೇಳಿತು. 2023ರಲ್ಲಿ ಅವು ‘ಅಂಬಾರಿ ಉತ್ಸವ’, ‘ಇವಿ ಪವರ್ ಪ್ಲಸ್’ ಎಂಬ ಹೆಸರಿನಲ್ಲಿ ರಸ್ತೆಗಿಳಿದವು. ಅದೇ ವರ್ಷ ಎಸಿ ಇಲ್ಲದ ಸ್ಲೀಪರ್ ‘ಪಲ್ಲಕ್ಕಿ’, 2024ರಲ್ಲಿ ‘ಅಶ್ವಮೇಧ’ ಬಂದವು. ರಸ್ತೆಗೆ ಹೊಸ ಬಸ್ಸು ಇಳಿದ ಮೇಲೆ ಅದರ ಬಣ್ಣದ ಬಸಿಡ್ ಮಾಡ್ (ಅಭಿಮಾನಿಗಳೇ ಮಾಡಿ ಆಟಕ್ಕೆ ಸೇರಿಸುವ ವಾಹನ) ಬರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಕೊಡಗಿನ ರಸ್ತೆಗಳು ಮತ್ತು ಭಾರಿ ವಾಹನ

ಸುಮಾರು 4,100 ಚದರ ಕಿ.ಮೀ. ವಿಸ್ತೀರ್ಣದ ಕೊಡಗು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುತ್ತದೆ. ಕಾಫಿ, ಕರಿಮೆಣಸು, ಮರ ಹೊರಗೆ ಹೋಗಬೇಕು. ಗೊಬ್ಬರ, ಸಿಮೆಂಟು, ಮರಳು, ಡೀಸೆಲ್, ಅಡುಗೆ ಅನಿಲ ಒಳಗೆ ಬರಬೇಕು. ಎಲ್ಲಕ್ಕೂ ರಸ್ತೆಯೇ ಗತಿ.

ಜಿಲ್ಲೆಯ ಬೆನ್ನೆಲುಬು ರಾಷ್ಟ್ರೀಯ ಹೆದ್ದಾರಿ 275. ಬೆಂಗಳೂರು, ಮೈಸೂರು, ಹುಣಸೂರು ಕಡೆಯಿಂದ ಬಂದು ಕುಶಾಲನಗರ, ಆನೆಕಾಡು, ಸುಂಟಿಕೊಪ್ಪ, ಮಡಿಕೇರಿ ದಾಟಿ ಸಂಪಾಜೆ, ಸುಳ್ಯ, ಪುತ್ತೂರು ಮಾರ್ಗವಾಗಿ ಬಂಟ್ವಾಳ ಸೇರುತ್ತದೆ. ಪೂರ್ವದ ಏರು ಸೌಮ್ಯ. ಬೆಂಗಳೂರಿನಿಂದ ಕುಶಾಲನಗರದವರೆಗೆ ಎತ್ತರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಅಲ್ಲಿಂದ ಮಡಿಕೇರಿಗೆ ಸುಮಾರು 300 ಮೀಟರ್ ಹತ್ತಬೇಕು. ಪಶ್ಚಿಮದ ಕಥೆಯೇ ಬೇರೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ಮೂಲಕ ಸಂಪಾಜೆಗೆ ಇಳಿಯುವ ಮೂವತ್ತು ಕಿಲೋಮೀಟರಿನೊಳಗಿನ ದಾರಿಯಲ್ಲಿ ಗಾಡಿ ಸಾವಿರ ಮೀಟರಿನಷ್ಟು ಎತ್ತರ ಕಳೆದುಕೊಳ್ಳುತ್ತದೆ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಮೂಲಕ ಕೇರಳದ ಇರಿಟ್ಟಿ, ಕಣ್ಣೂರಿಗೆ ಇಳಿಯುವ ಘಟ್ಟ ಇನ್ನೊಂದು. ಭಾಗಮಂಡಲದಿಂದ ಕರಿಕೆ ಮಾರ್ಗವಾಗಿ ಕಾಸರಗೋಡು ಜಿಲ್ಲೆಯ ಪಾಣತ್ತೂರಿಗೆ ಇಳಿಯುವ ಕಿರಿದಾದ ದಾರಿ ಮತ್ತೊಂದು. ದಕ್ಷಿಣದಲ್ಲಿ ಕುಟ್ಟದಿಂದ ತೋಲ್ಪೆಟ್ಟಿ ಮೂಲಕ ವಯನಾಡಿಗೆ ರಸ್ತೆಯಿದೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಎರಡನೇ ಮೊಣ್ಣಂಗೇರಿ, ಮಕ್ಕಂದೂರು ಸುತ್ತ ಬೆಟ್ಟಗಳು ಕುಸಿದಾಗ ಮಡಿಕೇರಿ–ಮಂಗಳೂರು ಸಂಪರ್ಕ ಕಡಿದುಹೋಯಿತು. ದುರಸ್ತಿಯ ನಂತರ ಮೊದಲು ಲಘು ವಾಹನಗಳಿಗೆ ಮಾತ್ರ ದಾರಿ ತೆರೆಯಿತು, ಭಾರಿ ವಾಹನಗಳು ಕಾಯಬೇಕಾಯಿತು. 2024ರ ಜುಲೈಯಲ್ಲಿ ಕರ್ತೋಜಿ ಬಳಿ ಕುಸಿತದ ಭೀತಿ ಎದುರಾದಾಗ ಇದೇ ಹೆದ್ದಾರಿಯಲ್ಲಿ ರಾತ್ರಿ ಸಂಚಾರವನ್ನೇ ಕೆಲವು ದಿನ ನಿಲ್ಲಿಸಲಾಯಿತು.

ಮಳೆಗಾಲ ಬಂತೆಂದರೆ ಜಿಲ್ಲಾಡಳಿತ ಭಾರಿ ಸರಕು ವಾಹನಗಳ ಮೇಲೆ ನಿರ್ಬಂಧ ಹೇರುವುದು ರೂಢಿಯಾಗಿದೆ. ಮರದ ದಿಮ್ಮಿ ಮತ್ತು ಮರಳು ಸಾಗಣೆ, ಬುಲೆಟ್ ಟ್ಯಾಂಕರ್, ಶಿಪ್ ಕಾರ್ಗೊ ಕಂಟೈನರ್, ಲಾಂಗ್ ಚಾಸಿಸ್ ವಾಹನ, ಮಲ್ಟಿ ಆಕ್ಸಲ್ ಟ್ರೇಲರ್‌ಗಳ ಹೆಸರು ಇಂಥ ಆದೇಶಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತೂಕದ ಗೆರೆ ಮೊದಲು 16,200 ಕೆ.ಜಿ. ಇದ್ದದ್ದು ಈಚಿನ ವರ್ಷಗಳಲ್ಲಿ 18,500 ಕೆ.ಜಿ. ಆಗಿದೆ. ಎರಡು ಅಚ್ಚಿನ ಲಾರಿಯ ಹಳೆಯ ಮತ್ತು ಹೊಸ ಮಿತಿಗಳು ಇವೇ. ಸರಳವಾಗಿ ಹೇಳುವುದಾದರೆ, ಸಿಕ್ಸ್ ವೀಲರ್ ಹೋಗಬಹುದು, ಟಾರಸ್ ಹೋಗುವಂತಿಲ್ಲ. ಹಾಲು, ಅಡುಗೆ ಅನಿಲ, ಇಂಧನ ಪೂರೈಕೆಯ ಗಾಡಿಗಳಿಗೂ ಶಾಲಾ ವಾಹನ, ಪ್ರಯಾಣಿಕರ ಬಸ್ಸುಗಳಿಗೂ ವಿನಾಯಿತಿ ಇರುತ್ತದೆ.

ಇಳಿಜಾರಿನ ಲೆಕ್ಕ

ಘಟ್ಟದಲ್ಲಿ ಭಾರಿ ವಾಹನ ಓಡಿಸುವುದೆಂದರೆ ಮುಖ್ಯವಾಗಿ ಇಳಿಸುವುದು. 18,500 ಕೆ.ಜಿ. ತೂಕದ ಲಾರಿ 1,000 ಮೀಟರ್ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 181 ಮೆಗಾಜೂಲ್, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 50 ಯೂನಿಟ್. ಗಾಳಿಯ ತಡೆ, ಟೈರಿನ ಉಜ್ಜಾಟಕ್ಕೆ ಹೋದದ್ದು ಬಿಟ್ಟರೆ ಉಳಿದದ್ದೆಲ್ಲ ಎಲ್ಲಾದರೂ ಶಾಖವಾಗಿ ಹೋಗಲೇಬೇಕು. ಬ್ರೇಕ್ ಡ್ರಮ್ಮುಗಳ ಮೇಲೆ ಪೂರಾ ಹೊರೆ ಬಿದ್ದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಲಾರಿಯವರು ಇದಕ್ಕೆ ‘ಬ್ರೇಕ್ ಸಿಗಲಿಲ್ಲ’ ಎನ್ನುತ್ತಾರೆ. ಏರಿದ ಗೇರಿನಲ್ಲೇ ಇಳಿಸಬೇಕು, ನ್ಯೂಟ್ರಲ್ ಮಾಡಬಾರದು ಎಂಬುದು ಘಟ್ಟದ ಚಾಲಕರ ಮೊದಲ ಪಾಠ. ಎಂಜಿನ್ ಬ್ರೇಕು, ಎಕ್ಸಾಸ್ಟ್ ಬ್ರೇಕು, ದೊಡ್ಡ ಬಸ್ಸುಗಳಲ್ಲಿ ಚಕ್ರದ ಬ್ರೇಕು ಬಳಸದೆ ವೇಗ ತಗ್ಗಿಸುವ ರಿಟಾರ್ಡರ್ ಇರುವುದು ಇದಕ್ಕಾಗಿಯೇ. 2023ರಿಂದ ಬೆಂಗಳೂರು–ಮಡಿಕೇರಿ ನಡುವೆ ಓಡುವ ಒಲೆಕ್ಟ್ರಾ ವಿದ್ಯುತ್ ಬಸ್ಸು ಇಳಿಜಾರಿನಲ್ಲಿ ಈ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ.

ಜೋಡುಪಾಲದ ಕಡೆ ಇಳಿಯುವ ಒಂದು ತುಂಬಿದ ಲಾರಿಯನ್ನು ಗಮನಿಸಿದರೆ ಕೆಲಸದ ಕ್ರಮ ತಿಳಿಯುತ್ತದೆ. ತಿರುವಿಗೆ ಇನ್ನೂ ದೂರವಿರುವಾಗಲೇ ಗೇರು ಇಳಿದು ಎಂಜಿನ್ನಿನ ಮೊರೆತ ಏರುತ್ತದೆ. ಉದ್ದನೆಯ ಹಾರ್ನ್ ಕೇಳುತ್ತದೆ. ಹೊರ ಅಂಚಿಗೆ ಸರಿದು ಮೂತಿ ಒಳಕ್ಕೆ ತಿರುಗುತ್ತದೆ. ಹಿಂದಿನ ಚಕ್ರ ಒಳಗಿನ ಚರಂಡಿಗೆ ಇಳಿಯದಂತೆ ಕ್ಲೀನರ್ ಬಾಗಿಲಿನಿಂದ ತಲೆ ಹೊರಹಾಕಿ ಬಾಗಿಲು ತಟ್ಟುತ್ತಾನೆ. ಬ್ರೇಕಿನ ಗಾಳಿ ಬುಸ್ಸೆನ್ನುವುದು ಒಂದೆರಡು ಸಲ ಮಾತ್ರ. ಎದುರಿಗೆ ಬಸ್ಸು ಬಂದರೆ ಏರುವ ಗಾಡಿಗೆ ದಾರಿ ಬಿಡಲು ಇಳಿಯುವ ಲಾರಿ ನಿಲ್ಲಬೇಕು. ಮಂಜು ಕವಿದಿದ್ದರೆ ಇದೆಲ್ಲ ಹಳದಿ ದೀಪದ ಬೆಳಕಿನಲ್ಲಿ ನಡೆಯಬೇಕು.

ಆಟಗಳು ಇದರಲ್ಲಿ ಬಹುಪಾಲನ್ನು ತಾಂತ್ರಿಕವಾಗಿ ಕೊಡಬಲ್ಲವು. ಯುರೋ ಟ್ರಕ್ ಸಿಮ್ಯುಲೇಟರ್‌ನಲ್ಲಿ ಎಂಜಿನ್ ಬ್ರೇಕು, ಹಂತಹಂತದ ರಿಟಾರ್ಡರ್, ಗಾಳಿ ಬ್ರೇಕಿನ ಒತ್ತಡದ ಲೆಕ್ಕ ಎಲ್ಲವೂ ಇವೆ. ಕೊರತೆ ಇರುವುದು ದೂರದಲ್ಲಿ. ಇಡೀ ಖಂಡವನ್ನು ಆಟದೊಳಗೆ ತರಬೇಕಾದ್ದರಿಂದ ಅದರ ನಕ್ಷೆ 1:19 ಪ್ರಮಾಣದಲ್ಲಿದೆ. ಮಡಿಕೇರಿ–ಸಂಪಾಜೆ ದಾರಿಯ 28 ಕಿಲೋಮೀಟರನ್ನು ಇದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಉಳಿಯುವುದು ಒಂದೂವರೆ ಕಿಲೋಮೀಟರ್. ಅಷ್ಟರಲ್ಲಿ ಸಾವಿರ ಮೀಟರ್ ಇಳಿಸಲು ಹೋದರೆ ಅದು ರಸ್ತೆಯಾಗದೆ ಜಾರುಬಂಡಿಯಾಗುತ್ತದೆ. ಎತ್ತರವನ್ನೂ ಕುಗ್ಗಿಸುವುದು ಅನಿವಾರ್ಯ. ಆಗ ಬ್ರೇಕು ಕಾಯುವಷ್ಟು ಇಳಿಜಾರೇ ಉಳಿಯುವುದಿಲ್ಲ. ಎಷ್ಟೇ ನಿಷ್ಠೆಯಿಂದ ಹೊಸ ಲಾರಿಯ ರಿಟಾರ್ಡರನ್ನು ಮಾಡಿದ್ದರೂ ಅದಕ್ಕೆ ತಕ್ಕ ಪರೀಕ್ಷೆ ಅಲ್ಲಿ ಇಲ್ಲ. ಸ್ನೋರನ್ನರ್‌ನಂಥ ಆಟಗಳು ಕೆಲವೇ ಚದರ ಕಿಲೋಮೀಟರಿನ ನಕ್ಷೆ ಇಟ್ಟು ಪ್ರತಿ ಗುಂಡಿ, ಪ್ರತಿ ಕೆಸರಿನ ಆಳವನ್ನು ಲೆಕ್ಕಕ್ಕೆ ತರುವುದು ಇದರ ವಿರುದ್ಧ ದಾರಿ. ಡಿಫರೆನ್ಷಿಯಲ್ ಲಾಕ್ ಹಾಕಿ, ವಿಂಚ್ ಹಗ್ಗವನ್ನು ಮರಕ್ಕೆ ಕಟ್ಟಿ ಗಾಡಿ ಎಳೆದುಕೊಳ್ಳುವ ಅದರ ಆಟ ಜುಲೈ ತಿಂಗಳ ತೋಟದ ದಾರಿಗೆ ಹೆಚ್ಚು ಹತ್ತಿರ.

ಮಾಡ್‌ಗಳು: ಕಾಯದೆ ಮಾಡಿಕೊಳ್ಳುವುದು

ಅಧಿಕೃತ ವಾಹನಕ್ಕೆ ಕಾಯುವ ಬದಲು ತಾವೇ ಮಾಡಿ ಆಟಕ್ಕೆ ಸೇರಿಸುವುದು ಮಾಡ್. ಇದರಲ್ಲಿ ಎರಡು ಹಂತ. ಇರುವ ಬಸ್ಸಿಗೆ ಬಣ್ಣ, ಅಕ್ಷರ, ಬೋರ್ಡು ಬರೆದ ಚಿತ್ರವನ್ನು ಹೊದಿಸುವುದು ಮೊದಲ ಹಂತ. ಇದಕ್ಕೆ ಸ್ಕಿನ್ ಅಥವಾ ಲಿವರಿ ಎನ್ನುತ್ತಾರೆ, ಮೊಬೈಲಿನಲ್ಲೇ ಮಾಡಬಹುದು. ಗಾಡಿಯ ಮೂರು ಆಯಾಮದ ಆಕಾರವನ್ನೇ ಹೊಸದಾಗಿ ರೂಪಿಸುವುದು ಎರಡನೆಯದು. ಅದಕ್ಕೆ ಬ್ಲೆಂಡರ್‌ನಂಥ ತಂತ್ರಾಂಶದ ತಿಳಿವಳಿಕೆ ಬೇಕು. ಬಸಿಡ್‌ನಲ್ಲಿ ಎರಡಕ್ಕೂ ಅವಕಾಶವಿದೆ. ದಕ್ಷಿಣ ಭಾರತದಲ್ಲಿ ಅದು ಹಬ್ಬಿದ್ದಕ್ಕೆ ಇದೇ ದೊಡ್ಡ ಕಾರಣ. ಟಾಟಾ, ಅಶೋಕ್ ಲೇಲ್ಯಾಂಡ್ ಲಾರಿಗಳು, ‘ಕರ್ನಾಟಕ ಸಾರಿಗೆ’ಯ ಕೆಂಪು ಬಸ್ಸು, ರಾಜಹಂಸ, ಐರಾವತಗಳು ಆಟದೊಳಗೆ ಬಂದದ್ದು ಅಭಿಮಾನಿಗಳ ಕೈಯಿಂದ.

ಗಡಿ ಜಿಲ್ಲೆಯಾದ ಕೊಡಗಿನವರಿಗೆ ಇಲ್ಲಿ ಒಂದು ಸ್ಥಳೀಯ ಗೊಂದಲವೂ ಉಂಟು. ‘ಕೆಎಸ್‌ಆರ್‌ಟಿಸಿ’ ಎಂದು ಹುಡುಕಿದರೆ ಕೇರಳದ ಬಸ್ಸುಗಳ ಮಾಡ್‌ಗಳೂ ಬರುತ್ತವೆ. ಎರಡೂ ರಾಜ್ಯಗಳ ನಿಗಮಗಳ ಸಂಕ್ಷಿಪ್ತ ಹೆಸರು ಒಂದೇ. ವಿರಾಜಪೇಟೆ, ಗೋಣಿಕೊಪ್ಪಲು ರಸ್ತೆಯಲ್ಲಿ ಎರಡೂ ಬಸ್ಸುಗಳು ಎದುರುಬದುರಾಗುತ್ತವೆ. ಈ ಹೆಸರಿನ ಹಕ್ಕಿನ ವ್ಯಾಜ್ಯ ಬಹುಕಾಲ ನಡೆದು, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಕರ್ನಾಟಕ ಆ ಹೆಸರನ್ನು ಬಳಸಲು ಅಡ್ಡಿ ಉಳಿಯಲಿಲ್ಲ.

ಮಾಡ್‌ಗಳಿಗೆ ಮಿತಿಗಳಿವೆ. ಹೊರಗೆ ಅಶ್ವಮೇಧ ಕಂಡರೂ ಒಳಗೆ ಓಡುವುದು ಜಾವಾದ ಬಸ್ಸಿನ ಗೇರು, ಸಸ್ಪೆನ್ಷನ್. ಕಂಪನಿಯ ಲಾಂಛನ ಬಳಸಲು ಯಾರ ಅನುಮತಿಯೂ ಇರುವುದಿಲ್ಲ. ಆಟ ನವೀಕರಣಗೊಂಡಾಗ ಹಳೆಯ ಮಾಡ್ ಕೆಲಸ ಮಾಡದೆ ಹೋಗಬಹುದು. ಒಬ್ಬರ ಕೆಲಸವನ್ನು ಇನ್ನೊಬ್ಬರು ತಮ್ಮದೆಂದು ಹಂಚುವ ಜಗಳಗಳೂ ಸಾಮಾನ್ಯ. ಇಷ್ಟಿದ್ದರೂ, ಅಧಿಕೃತ ಆಟಗಳು ಇನ್ನೂ ಮುಟ್ಟದ ರಸ್ತೆಗಳನ್ನು ಕಟ್ಟುವ ಸಾಧನ ಸದ್ಯಕ್ಕೆ ಇದೊಂದೇ.

ಕೊಡಗಿಗೆ ಒಪ್ಪುವ ವಾಹನಗಳು

ಅಭಿಮಾನಿಗಳ ಬೇಡಿಕೆಯ ಪಟ್ಟಿಯಲ್ಲಿ ಮೇಲಿರುವುದು ಸಾಮಾನ್ಯವಾಗಿ ಅತಿ ದೊಡ್ಡ ಗಾಡಿಗಳೇ: ಬಹು ಅಚ್ಚಿನ ಟ್ರೇಲರ್, ಬೆಂಗಾವಲಿನೊಂದಿಗೆ ಸಾಗುವ ಅಸಾಧಾರಣ ಸರಕು, ಗಣಿಯ ಡಂಪರ್. 2017ರಲ್ಲಿ ಯುರೋ ಟ್ರಕ್ ಸಿಮ್ಯುಲೇಟರ್‌ಗೆ ಸೇರಿದ ‘ಸ್ಪೆಷಲ್ ಟ್ರಾನ್ಸ್‌ಪೋರ್ಟ್’ ಈ ಆಸೆಗೆ ಸಿಕ್ಕ ಉತ್ತರ. ಕೊಡಗಿನ ರಸ್ತೆಯನ್ನು ಮುಂದಿಟ್ಟುಕೊಂಡರೆ ಪಟ್ಟಿ ತಲೆಕೆಳಗಾಗುತ್ತದೆ. ವರ್ಷದ ಕೆಲವು ತಿಂಗಳು ಕಾನೂನೇ ತಡೆಯುವ ಟ್ರೇಲರ್ ಇಲ್ಲಿ ಆಟಕ್ಕೂ ನಿರುಪಯೋಗಿ. 15 ಮೀಟರ್ ಉದ್ದದ ಬಹು ಅಚ್ಚಿನ ಸ್ಲೀಪರ್ ಬಸ್ಸು ಹೆದ್ದಾರಿಯಲ್ಲಿ ರಾಜ, ಕರಿಕೆಯ ತಿರುವಿನಲ್ಲಿ ಅತಿಥಿ.

ಇಲ್ಲಿ ಬೇಕಾದ ಮೊದಲ ವಾಹನ ಎರಡು ಅಚ್ಚಿನ ಆರು ಚಕ್ರದ ಲಾರಿ. ಮಳೆಗಾಲದಲ್ಲೂ ಓಡಬಲ್ಲ, ಕಾಫಿ ಮೂಟೆ, ಗೊಬ್ಬರ, ಸಿಮೆಂಟು ಯಾವುದನ್ನೂ ಹೊರಬಲ್ಲ ಗಾಡಿ ಅದು. ಡಿಸೆಂಬರ್‌ನಿಂದ ಶುರುವಾಗುವ ಕಾಫಿ ಕೊಯ್ಲಿನ ಕಾಲಕ್ಕೆ ತೋಟದೊಳಗಿಂದ ಚೀಲ ಹೊರತರುವ ನಾಲ್ಕು ಚಕ್ರದ ಎಳೆತದ ಜೀಪು ಮತ್ತು ಪಿಕಪ್ ಬೇಕು. ಪುತ್ತೂರು ವಿಭಾಗದ ಮಡಿಕೇರಿ ಡಿಪೋದ ಸಾಮಾನ್ಯ ಕೆಂಪು ಬಸ್ಸು, ಊರೂರಿಗೆ ಹೋಗುವ ಖಾಸಗಿ ಬಸ್ಸು ಬೇಕು. ಸಿಲ್ವರ್ ಓಕ್ ದಿಮ್ಮಿ ಹೇರುವ ಲಾರಿಗೆ ಬೇಸಗೆಯಲ್ಲಿ ಕೆಲಸ, ಮಳೆಯಲ್ಲಿ ರಜೆ ಎಂಬ ನಿಯಮವೂ ಆಟದಲ್ಲಿರಬೇಕು. ಕುಸಿದ ಮಣ್ಣು ತೆಗೆಯುವ ಜೆಸಿಬಿ, ಅದನ್ನು ಸಾಗಿಸುವ ಟಿಪ್ಪರ್ ಬೇಕು. ರೋಡ್‌ಕ್ರಾಫ್ಟ್‌ನಂಥ ಆಟ ಬಂದ ಮೇಲೆ ಇದು ದೂರದ ಕಲ್ಪನೆಯಾಗಿ ಉಳಿದಿಲ್ಲ.

ಈ ಪಟ್ಟಿಯ ಯಾವ ಗಾಡಿಯೂ ಟೀಸರ್ ಚಿತ್ರದಲ್ಲಿ ಮೈ ನವಿರೇಳಿಸುವಂಥದ್ದಲ್ಲ. ಆದರೆ ಒಂದೊಂದೂ ನಿರ್ದಿಷ್ಟ ರಸ್ತೆ, ನಿರ್ದಿಷ್ಟ ಸರಕು, ನಿರ್ದಿಷ್ಟ ಋತುವಿಗೆ ಜೋಡಿಯಾಗಿದೆ. ನಿರ್ಮಾಪಕರ ಕಡೆಯಿಂದ ನೋಡಿದರೂ ಭಾರತದ ವಾಹನ ಆಟಕ್ಕೆ ಬರಲು ಅಡ್ಡಿಯಾಗಿರುವುದು ಗಾಡಿಯ ಕೊರತೆಯಲ್ಲ. 1998ರಿಂದ ವೋಲ್ವೊ ಲಾರಿಗಳು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲೇ ತಯಾರಾಗುತ್ತಿವೆ. ಅದೇ ವೋಲ್ವೊ ಯುರೋಪಿನ ಆಟಗಳಲ್ಲಿ ಎಂದಿನಿಂದಲೋ ಇದೆ. ಹೊಸಕೋಟೆಯಿಂದ ಮಂಗಳೂರಿಗೆ ಹೋಗುವ ರಸ್ತೆ ಮಾತ್ರ ಆ ಆಟಗಳಲ್ಲಿಲ್ಲ.

ಮೌಲ್ಯಮಾಪನ

ಹೊಸ ವಾಹನಗಳ ಊಹಾಪೋಹವನ್ನು ಹುಡುಗಾಟವೆಂದು ತಳ್ಳಿಹಾಕುವವರಿದ್ದಾರೆ. ಚಿತ್ರ, ಧ್ವನಿ, ಕಡತ, ವೇಳಾಪಟ್ಟಿಗಳನ್ನು ಒಟ್ಟಿಗಿಟ್ಟು ತೀರ್ಮಾನಕ್ಕೆ ಬರುವ ಈ ಕೆಲಸ ಒಂದು ಬಗೆಯ ಸಾಕ್ಷ್ಯ ಪರಿಶೀಲನೆಯೇ. ಅನೇಕ ತರುಣರು ಗೇರ್ ಅನುಪಾತ, ಅಚ್ಚಿನ ಭಾರ, ರಿಟಾರ್ಡರ್ ಎಂಬ ಮಾತುಗಳನ್ನು ಮೊದಲು ಕಲಿತದ್ದು ಇಲ್ಲಿಯೇ. ಆದರೆ ಊಹೆ ಗಾಡಿಯ ಹೆಸರಿಗೇ ನಿಂತಾಗ ನಿರಾಸೆ ಹೆಚ್ಚು. ಬಂದ ಗಾಡಿಯನ್ನು ಅದೇ ಹಳೆಯ ಹೆದ್ದಾರಿಯಲ್ಲಿ ಎರಡು ದಿನ ಓಡಿಸಿ, ಮುಂದಿನದಕ್ಕೆ ಕಾಯುವ ಚಾಳಿ ಬೆಳೆಯುತ್ತದೆ.

ಭಾರತದ ಭಾರಿ ವಾಹನಗಳು ಅಧಿಕೃತ ಆಟಗಳಿಗೆ ಬರುವ ಸೂಚನೆ ಹುಡುಕುವವರು ಲಾರಿ ಕಂಪನಿಯ ಲಾಂಛನಕ್ಕಿಂತ ಮೊದಲು ಮೂರು ಸಂಗತಿಗಳನ್ನು ನೋಡುವುದು ಒಳ್ಳೆಯದು: ನಕ್ಷೆಯ ಪ್ರಮಾಣ ಘಟ್ಟದ ಪೂರ್ತಿ ಇಳಿಜಾರನ್ನು ಹಿಡಿಸುವಷ್ಟು ದೊಡ್ಡದಾಗಿದೆಯೇ, ಮಳೆ ಮತ್ತು ಮಂಜು ಬರಿಯ ಅಲಂಕಾರವಾಗಿರದೆ ಹಿಡಿತ, ನೋಟ, ನಿರ್ಬಂಧಗಳನ್ನು ಬದಲಿಸುತ್ತವೆಯೇ, ಕಿರಿದಾದ ರಸ್ತೆಯಲ್ಲಿ ಎದುರಿನ ಗಾಡಿ ನಿಂತು ದಾರಿ ಬಿಡುವ ಬುದ್ಧಿ ತೋರುತ್ತದೆಯೇ. ಮೂರಕ್ಕೂ ಹೌದೆಂಬ ಉತ್ತರ ಸಿಗುವ ಆಟದಲ್ಲಿ ಹತ್ತು ವರ್ಷ ಹಳೆಯ ಸಿಕ್ಸ್ ವೀಲರ್ ಕೂಡ ಹೊಸ ವಾಹನವೇ.